ಎಷ್ಟಕ್ಕ ಮನಿ ಮುಟ್ಟಬೇಕು?

ಅವರ ಕೆಳದುಟಿಯ ನಡುವೆ ಒಂದು ಜಡ್ಡು ಇತ್ತು. ಮೂವತ್ತು ವರ್ಷ ಸೀಟಿ ಊದಿ ಊದಿ ಕಟ್ಟಿದ ಜಡ್ಡು. ಏನಾದರೂ ಹೇಳುವ ಮೊದಲು ಅದರ ಮೇಲೆ ಒಮ್ಮೆ ನಾಲಿಗೆ ಆಡಿಸಿ, ಆಮೇಲೆ ಬಾಯಿ ಬಿಡುತ್ತಿದ್ದರು. ನನಗೆ ಅಷ್ಟು ಹೊತ್ತು ಕಾಯುವುದೂ ಕಷ್ಟ. ಕೊಟ್ಟೂರಿನಿಂದ ಹರಪನಹಳ್ಳಿಗೆ ಹೋಗುವ ಬೆಳಗಿನ ಬಸ್ಸಿನ ಕಂಡಕ್ಟರ್ ಅವರು. ನಾನು ಹರಪನಹಳ್ಳಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವವಳು. ಐದು ವರ್ಷ ದಿನಾ ಅದೇ ಬಸ್ಸು, ಅದೇ ಸೀಟಿ.

ನಾನು ಕೂತಲ್ಲಿ ಕೂರುವ ಪೈಕಿ ಅಲ್ಲ. ಬಸ್ಸಿನಲ್ಲೂ ನನ್ನ ಕಾಲು ಕುಣಿಯುತ್ತಲೇ ಇರುತ್ತದೆ. ಓದುವಾಗ ತ್ರೋಬಾಲ್ ತಂಡದಲ್ಲಿದ್ದೆ; ಮದುವೆಯಾಗಿ ಕೊಟ್ಟೂರಿಗೆ ಬಂದ ಮೇಲೆ ಚೆಂಡು ಮುಟ್ಟಿರಲಿಲ್ಲ. ಸಂಜೆ ಶಾಲೆಯ ಬಯಲಿನ ಪಕ್ಕ ಹಾಯುವಾಗ ಗಂಡಸರು ವಾಲಿಬಾಲ್ ಆಡುವುದು ಕಂಡರೆ ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ. ನನ್ನದು ಒಬ್ಬಳೇ ಆಡುವ ಆಟವಲ್ಲ, ಬದಿಗೆ ಏಳು ಜನ ಬೇಕು. ಆಡುವ ಆಸೆ ಇರುವ ಹೆಂಗಸರು ಊರಲ್ಲಿ ಇದ್ದೇ ಇರುತ್ತಾರೆ, ಒಬ್ಬರಿಗೊಬ್ಬರು ಗೊತ್ತಿಲ್ಲ ಅಷ್ಟೇ ಅಂದುಕೊಂಡು ಒಂದು ಆ್ಯಪ್ ಮಾಡಲು ಕೂತೆ.

ದೊಡ್ಡದೇನಲ್ಲ. ಹೆಸರು, ಊರು, ಆಟ, ಬಿಡುವಿನ ವೇಳೆ ತುಂಬಿದರೆ ಹತ್ತಿರದಲ್ಲಿ ಅದೇ ಆಟ ಆಡುವವರು ಯಾರಿದ್ದಾರೆ ಎಂದು ಅದು ತೋರಿಸಬೇಕು. ‘ಬರುತ್ತೇನೆ’ ಎಂಬ ಗುಂಡಿ ಒತ್ತಿದರೆ ತಂಡ ಕೂಡಬೇಕು. ಮೂರು ತಿಂಗಳು ಮನೆಯವರ ತಲೆ ತಿಂದು ಮುಗಿಸಿದೆ. ನಲವತ್ತು ಹೆಂಗಸರು ಸೇರಿಕೊಂಡರು. ಮೊದಲ ಭಾನುವಾರಕ್ಕೆ ಹತ್ತೊಂಬತ್ತು ಜನ ‘ಬರುತ್ತೇನೆ’ ಒತ್ತಿದರು. ನಾನು ಶಾಲೆಯ ಬಯಲಿನಲ್ಲಿ ನೆಟ್ ಕಟ್ಟಿ, ಸುಣ್ಣದಲ್ಲಿ ಗೆರೆ ಎಳೆದು, ಗೇಟಿನಿಂದ ನೆಟ್ಟಿಗೆ, ನೆಟ್ಟಿನಿಂದ ಗೇಟಿಗೆ ಓಡಾಡಿದೆ. ಬಂದವರು ಇಬ್ಬರು. ಅವರಲ್ಲಿ ಒಬ್ಬರು, ಬರಲಾಗುವುದಿಲ್ಲ ಎಂದು ಹೇಳಿಹೋಗಲು ಬಂದವರು.

ಮರುದಿನ ಬಸ್ಸಿನಲ್ಲಿ ಮುಖ ಗಂಟು ಹಾಕಿಕೊಂಡು ಮೊಬೈಲಿನಲ್ಲಿ ಅದನ್ನೇ ತಿರುವುತ್ತಿದ್ದೆ. ಅಳಿಸಿಹಾಕುವ ಮನಸ್ಸಾಗಿತ್ತು.

“ಏನ್ರಿ ಮೇಡಂ, ಇವತ್ತು ಕಾಲು ಸುಮ್ನ ಅದಾವಲ್ಲ?” ಎಂದರು ಕಂಡಕ್ಟರು.

ಎಲ್ಲ ಹೇಳಿದೆ. ಟಿಕೆಟ್ ಮುಗಿಸಿ ಬಂದು, ಪಕ್ಕದ ಕಂಬಿ ಹಿಡಿದು ನಿಂತು, ಒಂದೊಂದೇ ಪ್ರಶ್ನೆ ಓದಿಸಿಕೊಂಡರು. ‘ನಿಮಗೆ ಯಾವಾಗ ಬಿಡುವಿದೆ?’ ಎಂಬಲ್ಲಿ ನಿಲ್ಲಿಸಿದರು. ನಾಲಿಗೆ ಜಡ್ಡಿನ ಮೇಲೆ ಆಡಿತು.

“ಇದಕ್ಕ ಹೆಣ್ಮಕ್ಳು ಏನಂತ ಉತ್ತರ ಕೊಡ್ಬೇಕ್ರಿ? ಬಿಡುವು ಐತಿ ಅಂದ್ರ ಮನ್ಯಾಗ ಇನ್ನೊಂದು ಕೆಲ್ಸ ಹಚ್ತಾರ.”

“ಮತ್ತೇನು ಕೇಳ್ಬೇಕ್ರಿ?”

“ಎಷ್ಟಕ್ಕ ಮನಿ ಮುಟ್ಟಬೇಕು ಅಂತ ಕೇಳ್ರಿ. ನಾ ದಿನಾ ನೋಡ್ತೀನಲ್ಲ. ಗಂಡಸ್ರು ಹತ್ತೋ ಮುಂದ ಬಸ್ಸು ಎಷ್ಟಕ್ಕ ಊರು ಮುಟ್ಟತೈತಿ ಅಂತಾರ. ಹೆಣ್ಮಕ್ಳು ವಾಪಸ್ ಬಸ್ಸು ಎಷ್ಟಕ್ಕೈತಿ ಅಂತ ಕೇಳಿ ಹತ್ತತಾರ. ಅದು ಗೊತ್ತಾಗ್ಲಿಲ್ಲಂದ್ರ ಹತ್ತಂಗೇ ಇಲ್ಲ.”

ನನಗೆ ರೇಗಿತು. ಅವರ ಮೇಲಲ್ಲ. ನಾನೂ ಹೆಂಗಸೇ, ನನಗೇ ಇದು ಹೊಳೆಯಲಿಲ್ಲವಲ್ಲ ಎಂದು. ಕಾಲೇಜು ಮುಟ್ಟುವುದರೊಳಗೆ ಆ ಪ್ರಶ್ನೆ ತೆಗೆದು ಅವರ ಪ್ರಶ್ನೆ ಹಾಕಿದೆ.

ಅಷ್ಟಕ್ಕೇ ಅವರು ಬಿಡಲಿಲ್ಲ. ಆ ವಾರವೆಲ್ಲ ಬಸ್ಸು ಹತ್ತುವ ಕೊಟ್ಟೂರಿನ ಹೆಂಗಸರನ್ನು ತಾವೇ ಕೇಳಿ, ಶನಿವಾರ ಟಿಕೆಟ್ ಸುರುಳಿಯ ಕೊನೆಯ ತುಂಡೊಂದನ್ನು ನನ್ನ ಕೈಗಿಟ್ಟರು. ಅದರ ಹಿಂದೆ ಪೆನ್ಸಿಲ್ಲಿನಲ್ಲಿ ಬರೆದಿತ್ತು: ‘ನರ್ಸಮ್ಮ, ಆರು. ಅಂಗನವಾಡಿ ಟೀಚರ್, ಐದೂಮುಕ್ಕಾಲು. ಬ್ಲೌಸ್ ಹೊಲಿಯೋರು, ಆರು. ಅತ್ತಿ ಊರಾಗ ಇದ್ರ ಐದೂವರಿ.’ ಹೀಗೆ ಉದ್ದಕ್ಕೂ. ಎಲ್ಲರಿಗಿಂತ ಮೊದಲು ಮನೆ ಮುಟ್ಟಬೇಕಾದವರ ಹೊತ್ತು ಐದೂವರೆ. ಹಾಗಾಗಿ ಆಟ ನಾಲ್ಕಕ್ಕೆ ಶುರು, ಐದೂ ಇಪ್ಪತ್ತಕ್ಕೆ ಬಂದ್ ಎಂದು ಆ್ಯಪಿನಲ್ಲಿ ಹಾಕಿದೆ.

ಭಾನುವಾರ ನನ್ನನ್ನೂ ಸೇರಿಸಿ ಹದಿನಾಲ್ಕು ಜನ. ನಾನು ಎಣಿಸಿ, ನಂಬದೆ ಮತ್ತೆ ಎಣಿಸಿದೆ. ಸೀರೆ ಸೊಂಟಕ್ಕೆ ಬಿಗಿದವರು, ಚೂಡಿದಾರದವರು, ಗಂಡನ ಬೂಟು ಹಾಕಿಕೊಂಡು ಬಂದವರು. ಕಂಡಕ್ಟರು ತಮ್ಮ ವಾರದ ರಜೆಯ ದಿನ ಬಿಳಿ ಪೈಜಾಮದಲ್ಲಿ ಬಂದಿದ್ದರು. ಕೊರಳಲ್ಲಿ ಸೀಟಿ ಮಾತ್ರ ಇತ್ತು. ಗೇಟಿನ ಹತ್ತಿರದ ಕಲ್ಲಿನ ಮೇಲೆ ಆಟದ ಕಡೆಗೆ ಬೆನ್ನು ಮಾಡಿ ಕೂತರು. ಯಾಕೆಂದು ಕೇಳಿದರೆ, “ನಾ ನೋಡಿದ್ರ ಅವ್ರು ಆಡಂಗಿಲ್ರಿ,” ಎಂದರು. ಇಣುಕಲು ಬಂದವರನ್ನೆಲ್ಲ ಅಲ್ಲಿಂದಲೇ ಮುಂದಕ್ಕೆ ಕಳಿಸಿದರು. ಸರಿಯಾಗಿ ಐದೂ ಇಪ್ಪತ್ತಕ್ಕೆ, ಬಸ್ಸು ಬಿಡುವಾಗ ಊದುವಂತೆಯೇ ಉದ್ದಕ್ಕೆ ಒಂದು ಸೀಟಿ ಊದಿದರು.

ಆರನೆಯ ವಾರ ನಮ್ಮಿಬ್ಬರಿಗೂ ಜಗಳವಾಯಿತು. ಅದುವರೆಗೆ ಸೋಲುತ್ತಲೇ ಬಂದಿದ್ದ ನನ್ನ ತಂಡ ಅಂದು ಹದಿಮೂರಕ್ಕೆ ಬಂದಿತ್ತು. ಇನ್ನು ಎರಡು ಪಾಯಿಂಟ್ ಬಂದರೆ ಗೆಲುವು. ಸೀಟಿ ಕೂಗಿತು. ಎಲ್ಲರೂ ಚಪ್ಪಲಿ ಹುಡುಕತೊಡಗಿದರು. ನಾನು ಚೆಂಡು ಹಿಡಿದುಕೊಂಡೇ ಗೇಟಿಗೆ ಹೋದೆ.

“ಎರಡು ಪಾಯಿಂಟ್ ತಡದಿದ್ರ ನಿಮ್ಮ ಬಸ್ಸು ಹೋಗ್ತಿತ್ತೇನ್ರಿ?”

ಅವರು ನಾಲಿಗೆ ಆಡಿಸುವವರೆಗೂ ಕಾದೆ.

“ಯವ್ವಾ, ಇವತ್ತು ಎರಡು ಪಾಯಿಂಟ್ ಬಿಟ್ರ ಮುಂದಿನ ವಾರ ಹದಿನಾಲ್ಕು ಮಂದಿ ಬರ್ತಾರ. ಇವತ್ತು ಹತ್ತು ನಿಮಿಷ ತಡಾ ಆದ್ರ ಮುಂದಿನ ವಾರ ನೀ ಒಬ್ಬಾಕಿನ ಬರ್ತಿ.”

ಅವರು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೊಂದೇ ಸಲ. ಸಿಟ್ಟಿಗೆ ಇಡೀ ವಾರ ಬೇರೆ ಬಸ್ಸಿನಲ್ಲಿ ಹೋದೆ. ಅದು ದಿನಾ ತಡವಾಗಿ ಹೋಗುವ ಬಸ್ಸು, ಹಟಕ್ಕೆ ಅದರಲ್ಲೇ ಹೋದೆ. ಭಾನುವಾರ ಬ್ಲೌಸ್ ಹೊಲಿಯುವವಳು ಎಲ್ಲರಿಗಿಂತ ಮೊದಲು ಬಂದು ನಿಂತಿದ್ದಳು. “ಅತ್ತಿ ಊರಾಗ ಅದಾಳ್ರಿ. ಹ್ವಾದ ವಾರ ಹೇಳಿದ ಟೈಮಿಗೆ ಬಂದಿದ್ದಿ, ಹೋಗು ಅಂದ್ಲು,” ಎಂದಳು. ಸೋಮವಾರ ನಾನು ಹಳೆಯ ಬಸ್ಸನ್ನೇ ಹತ್ತಿದೆ. ತಪ್ಪಾಯಿತು ಅನ್ನಬೇಕೆಂದಿದ್ದೆ, ಬಾಯಿ ಬರಲಿಲ್ಲ. ಅವರು ಟಿಕೆಟ್ ಹರಿದು ಕೊಟ್ಟು, “ಕಾಲು ಮತ್ತ ಕುಣ್ಯಾಕ ಹತ್ಯಾವಲ್ರಿ,” ಎಂದು ಮುಂದೆ ಹೋದರು.

ಎರಡು ವರ್ಷ ಹೀಗೆ ನಡೆಯಿತು. ಅವರ ನಿವೃತ್ತಿಗೆ ಇನ್ನು ಕೆಲವೇ ತಿಂಗಳಿದ್ದವು. ಒಂದು ಬೆಳಿಗ್ಗೆ ಬಸ್ಸು ಇಪ್ಪತ್ತು ನಿಮಿಷ ತಡವಾಗಿ ಬಂತು. ನಾನು ಜಗಳಕ್ಕೆ ಮಾತು ಜೋಡಿಸಿಕೊಂಡೇ ಹತ್ತಿದೆ. ಹೊಸ ಕಂಡಕ್ಟರ್ ಇದ್ದ. ಖಾಕಿ ಅಂಗಿ ಹಾಕಿಕೊಂಡು ಮನೆಯಿಂದ ಹೊರಡುವಾಗಲೇ ನಮ್ಮ ಕಂಡಕ್ಟರ ಎದೆಬಡಿತ ನಿಂತಿತ್ತಂತೆ.

ಮಣ್ಣು ಅವರ ಹುಟ್ಟೂರು ಹಂಪಸಾಗರದಲ್ಲಿ. ನಾವು ಹದಿನಾಲ್ಕು ಜನವೂ ಹೊರಟೆವು. ಬಸ್ಸು ಹತ್ತುವಾಗ ವಾಪಸ್ ಬಸ್ಸು ಎಷ್ಟಕ್ಕಿದೆ ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ದಾರಿಯುದ್ದಕ್ಕೂ ನರ್ಸಮ್ಮ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ಒತ್ತಿ ಹಿಡಿದಿದ್ದಳು.

ಅದಾದ ಮೂರನೆಯ ಭಾನುವಾರ ಮತ್ತೆ ನೆಟ್ ಕಟ್ಟಿದೆವು. ಗೇಟಿನ ಹತ್ತಿರದ ಕಲ್ಲು ಖಾಲಿ ಇತ್ತು. ಸೀಟಿ ಏನಾಯಿತೋ, ಅವರ ಮನೆಯಲ್ಲಿ ಕೇಳುವ ಧೈರ್ಯ ನನಗಾಗಲಿಲ್ಲ. ಆಟ ಬಿಸಿಯೇರಿತು. ನಮ್ಮದು ಹದಿನಾಲ್ಕು, ಇನ್ನೊಂದು ಪಾಯಿಂಟ್ ಬಂದರೆ ಗೆದ್ದೆವು. ಚೆಂಡು ನನ್ನ ಕೈಗೆ ಬಂತು. ಎದುರು ಬದಿಯ ಬಲಮೂಲೆಯಲ್ಲಿ ಯಾರೂ ಇರಲಿಲ್ಲ. ಮಣಿಕಟ್ಟು ನೋಡಿಕೊಂಡೆ, ಐದೂ ಇಪ್ಪತ್ತು. ಉಳಿದವರ ಕಣ್ಣೆಲ್ಲ ಚೆಂಡಿನ ಮೇಲಿತ್ತು, ಗಡಿಯಾರದ ನೆನಪು ಯಾರಿಗೂ ಇರಲಿಲ್ಲ.

ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡು, “ನಡ್ರಿ, ಮನಿ ಮುಟ್ಟೋಣ,” ಎಂದೆ.