ಬದನೆ ಸಸಿಗಳ ಮೇಲೆ ಗಾಂಜಾ ದೂರು

ಗೆಳೆಯರೇ, ಇವತ್ತು ಬೆಳಿಗ್ಗೆ ತಮಿಳುನಾಡಿನ ತೇನಿಯ ನನ್ನ ರೂಮಿಗೆ ಪೊಲೀಸರು ಬಂದಿದ್ದರು! ನಾನು ಹಗಲಲ್ಲೂ ಕಿಟಕಿ ಮುಚ್ಚಿ, ಲೈಟ್ ಉರಿಸಿ ಗಾಂಜಾ ಬೆಳೆಸುತ್ತಿದ್ದೇನೆಂದು ಪಕ್ಕದ ಮನೆಯವರ ದೂರು. ಲೈಟಿನ ಕೆಳಗಿದ್ದದ್ದು ನಾಟಿ ಬದನೆ ಸಸಿಗಳು. ಕನ್ನಡ ಮಾತಿನ ನಮ್ಮೂರು ಓಡೈಪಟ್ಟಿಯ ನನ್ನ ಅಜ್ಜಿ ಬೂದಿಯಲ್ಲಿ ಕಾಪಾಡಿಟ್ಟಿದ್ದ ಕೊನೆಯ ಬೀಜಗಳವು. ಇಪ್ಪತ್ತು ಮೊಳೆತು, ಹದಿಮೂರು ಬುಡ ಕೊಳೆತು ಬಿದ್ದಿದ್ದವು. ಉಳಿದದ್ದು ಏಳೇ.

"ಇದು ಓಡೈಪಟ್ಟಿ ಬದನೆ ಸಾರ್! ಬೀಜ ರೈತರ ಹಕ್ಕು!" ಎಂದು ನಾನು ಊರೂರಲ್ಲಿ ಹಂಚುವ ನಾಟಿ ಬೀಜದ ಕರಪತ್ರ ಚಾಚಿದೆ.

ಊರಿನ ಹೆಸರು ಕೇಳಿದ್ದೇ ಹೆಡ್ ಕಾನ್‌ಸ್ಟೆಬಲ್ ತಮಿಳು ಬಿಟ್ಟು ನಮ್ಮ ಕನ್ನಡಕ್ಕಿಳಿದರು. ಮಣ್ಣಿಗೆ ಬೆರಳಿಟ್ಟು ನೋಡಿ ರೇಗಿದರು. "ಬದ್ನೆ ಅಂತ ಕಂಡಾಗ್ಲೇ ಗೊತ್ತಾತು ತಾಯಿ. ಇಷ್ಟು ನೀರು ಹುಯ್ಯಕ್ಕೆ ಯಾರು ಹೇಳಿದ್ದು? ಕೊಂದೇ ಬಿಟ್ಟೀಯಲ್ಲ! ಕಿಟಕಿ ತೆಗಿ, ಗಾಳಿ ಬರ್ಲಿ. ಮಣ್ಣು ಒಣಗೋ ತಂಕ ನೀರು ಮುಟ್ಟಬೇಡ."

ನಾನು ಕಿಟಕಿ ತೆರೆದು ತಿರುಗುವಷ್ಟರಲ್ಲಿ ಅವರು ಮಂಡಿಯೂರಿ ಕೂತು, ಅದೇ ಕರಪತ್ರದಿಂದ ಸಸಿಗಳಿಗೆ ಗಾಳಿ ಬೀಸುತ್ತಿದ್ದರು.

ಸಂಜೆಯಾಯಿತು, ಏಳೂ ನೆಟ್ಟಗೆ ನಿಂತಿವೆ! ಒಂದು ಸಸಿ ಅವರ ಹಿತ್ತಿಲಿಗೆ ಎಂದು ಮಾತಾಗಿದೆ. ಇಷ್ಟು ದಿನ ನೂರಾರು ಕರಪತ್ರ ಹಂಚಿದ್ದೇನೆ. ಅದರಿಂದ ಒಂದು ಜೀವ ಉಳಿದದ್ದು ಇದೇ ಮೊದಲು, ಅದೂ ಯಾರೂ ಓದದೆ.