ಪಿಸ್ತೂಲಿನ ಒರೆಗೆ ಹೊಸ ಹೊಲಿಗೆ

ನನ್ನ ಗಂಡನ ತಂದೆ ಹೊನ್ನಾವರದಲ್ಲಿ ಒಣಮೀನಿನ ವ್ಯಾಪಾರಿ. ಕೈಯಲ್ಲಿ ದುಡ್ಡು ಆಡತೊಡಗಿದ ಮೇಲೆ ಅವರಿಗೆ ಹಳೆಯ ಪಿಸ್ತೂಲುಗಳ ಹುಚ್ಚು ಹಿಡಿಯಿತು. ಹುಚ್ಚು ಎಂದು ಆಗ ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ, ಈಗ ಹೇಳುತ್ತೇನೆ. ಕಾರವಾರದಲ್ಲಿ ಯಾವುದಾದರೂ ಸಾಹೇಬರ ಸಾಮಾನು ಹರಾಜಿಗೆ ಬಂತೆಂದರೆ ಸಿಕ್ಕಿದ ಗಾಡಿ ಹತ್ತಿ ಓಡುತ್ತಿದ್ದರು. ಮೊದಲನೆಯ ಮಹಾಯುದ್ಧದಲ್ಲಿ ಅಧಿಕಾರಿಗಳು ಸೊಂಟಕ್ಕೆ ಕಟ್ಟಿಕೊಂಡಿದ್ದ ಪಿಸ್ತೂಲು ಬೇಕು, ಅದನ್ನಿಡುವ ಚರ್ಮದ ಒರೆಯೂ ಬೇಕು. ಸರಕಾರ ಕೊಟ್ಟ ಪರವಾನಗಿಗೆ ಚೌಕಟ್ಟು ಹಾಕಿಸಿ ದೇವರ ಪಟಗಳ ಪಕ್ಕ ತೂಗುಹಾಕಿದ್ದರು. ಜಗಲಿಯಲ್ಲಿ ಗಾಜಿನ ಕಪಾಟು, ಅದರ ಬೀಗದ ಕೈ ಅವರ ಉಡದಾರದಲ್ಲಿ. ಮನುಷ್ಯರನ್ನು ಕೊಲ್ಲಲು ಮಾಡಿದ ವಸ್ತುವನ್ನು ಎಳೆಮಗುವಿನ ಹಾಗೆ ಒರೆಸುತ್ತ ಕೂರುವುದನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು.

ನನ್ನ ತವರು ತೆಂಗಿನಗುಂಡಿ. ನನಗಿದ್ದವನು ಒಬ್ಬನೇ ಅಣ್ಣ. ಎರಡನೆಯ ಯುದ್ಧ ಬಂದಾಗ ಸೈನ್ಯ ಸೇರಿದ, ಮೋಟಾರ್ ಸೈಕಲ್ ಮೇಲೆ ಅಧಿಕಾರಿಗಳ ಕಾಗದ ಮುಟ್ಟಿಸುವ ಕೆಲಸ. ಬರ್ಮಾದಲ್ಲಿ ಸತ್ತ ಎಂದು ತಂತಿ ಬಂತು. ಹೆತ್ತ ಆಯಿ ಅಳಲಿಲ್ಲ. "ಕಾಗದಕ್ಕೆ ಎಂತ ಗೊತ್ತು? ಅವನ ಮೈಮೇಲಿದ್ದದ್ದು ಒಂದಾದ್ರೂ ತಂದು ತೋರ್ಸಿ. ಆಗ ನಂಬ್ತೆ," ಎಂದಳು. ಅವನ ಕಾರ್ಯ ಮಾಡಲು ಭಟ್ಟರನ್ನು ಕರೆಸಿದರೆ ವಾಪಸು ಕಳಿಸಿದಳು.

ಯುದ್ಧ ಮುಗಿದ ಮೇಲೆ, ಅಣ್ಣನ ಜೊತೆಗಿದ್ದ ಕುಮಟೆಯವನೊಬ್ಬ ನನ್ನನ್ನು ಹುಡುಕಿಕೊಂಡು ಹೊನ್ನಾವರಕ್ಕೆ ಬಂದ. ಅಣ್ಣನ ಸೊಂಟದಲ್ಲಿದ್ದ ಪಿಸ್ತೂಲು ಸರಕಾರದ್ದು, ಅದು ಸರಕಾರಕ್ಕೇ ಹೋಗಿತ್ತು. ಒರೆಯನ್ನು ಮಾತ್ರ ಅವನು ಹೇಗೋ ಉಳಿಸಿ ತಂದಿದ್ದ. ಅದರ ಪಟ್ಟಿ ಹರಿದ ಕಡೆ ಬಲೆಯ ದಾರದಲ್ಲಿ ಹೊಲಿಗೆ ಇತ್ತು, ಒಂದರ ಮೇಲೊಂದು ಏರಿದ ಗಂಟುಗಳು. ಬಲೆ ಕಟ್ಟುವಾಗ ಆಯಿ ನಮಗಿಬ್ಬರಿಗೂ ಕಲಿಸಿದ ಗಂಟು ಅದು. ಬೆವರು, ಹೊಗೆ, ಪೆಟ್ರೋಲು ಎಲ್ಲ ಕಲಸಿದ ವಾಸನೆ ಇನ್ನೂ ಹೋಗಿರಲಿಲ್ಲ.

ಪೆಟ್ಟಿಗೆಯಲ್ಲಿಟ್ಟುಕೊಳ್ಳಲು ಹೋದರೆ ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ಸತ್ತವನ ಮೈಮೇಲಿದ್ದದ್ದು ಒಳಗೆ ಬೇಡ ತಂಗಿ. ಹೊಳೆಗೆ ಬಿಡು."

"ಹೊಳೆಗೆ ಎಂತಕ್ಕೆ?" ಎಂದು ಮಾವ ಎದ್ದು ಬಂದರು. ಒರೆಯಿಲ್ಲದ ಒಂದು ಪಿಸ್ತೂಲು ಅವರ ಬಳಿ ವರ್ಷಗಳಿಂದ ಬಿದ್ದಿತ್ತು. ತಂದು ಸಿಕ್ಕಿಸಿ ನೋಡಿದರು, ಸರಿಯಾಗಿ ಕೂತಿತು. "ಇದು ಇಲ್ಲೇ ಇರ್ಲಿ," ಎಂದವರೇ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಅತ್ತೆ ಬಾಗಿಲು ಬಿಟ್ಟು ಒಳಗೆ ಹೋದರು. ನನ್ನ ಪೆಟ್ಟಿಗೆಯಲ್ಲಿದ್ದರೆ ಸೂತಕ, ಅವರ ಕಪಾಟಿನಲ್ಲಿದ್ದರೆ ಶೋಭೆ. ಇದ್ಯಾವ ಶಾಸ್ತ್ರವೋ, ಸುಡಲಿ.

ಆಯಿಗೆ ಸುದ್ದಿ ಕಳಿಸಿದೆ. ಅವಳು ಜ್ವರದಲ್ಲಿ ಮಲಗಿದ್ದಳು, ನವರಾತ್ರಿಗೆ ಬರುತ್ತೇನೆ ಎಂದು ಹೇಳಿ ಕಳಿಸಿದಳು. ಅಷ್ಟರೊಳಗೆ ಮಾವ ಒರೆಯನ್ನು ಕುಮಟೆಯ ಮೋಚಿಗೆ ಕೊಟ್ಟು ಬಲೆದಾರವನ್ನೆಲ್ಲ ಬಿಚ್ಚಿಸಿ, ಹೊಸ ಪಟ್ಟಿ ಹೊಲಿಸಿ, ಉಜ್ಜಿ ಬಣ್ಣ ಹಾಕಿಸಿ ತಂದರು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

"ಆ ಹೊಲಿಗೆ ಅಣ್ಣ ಹಾಕಿದ್ದು, ಮಾವ."

"ಬಲೆದಾರ ಇಟ್ಕೊಂಡ್ರೆ ನೋಡಿದವ್ರು ನಗಾಡ್ತಾರೆ. ಹೊಸದರ ಹಾಂಗೆ ಆತು ನೋಡು."

ನಾನು ಸಂತೋಷಪಡಬೇಕು ಎಂದು ಅವರು ನಿಜವಾಗಿ ನಂಬಿದ್ದರು. ನನ್ನ ಸಿಟ್ಟು ಇವತ್ತಿಗೂ ಇಳಿಯದಿರುವುದು ಅದಕ್ಕೇ. ಬಂದವರಿಗೆಲ್ಲ ಅದು ಒಬ್ಬ ಇಂಗ್ಲಿಷ್ ಕ್ಯಾಪ್ಟನ್ನನದು ಎಂದು ಹೇಳತೊಡಗಿದರು. ನನ್ನ ಗಂಡ ಪಕ್ಕದಲ್ಲೇ ಕೂತು ವೀಳ್ಯ ಮಡಚುತ್ತಿದ್ದರು.

ಆಯುಧಪೂಜೆಯ ದಿನ ಕಪಾಟು ಖಾಲಿಯಾಯಿತು. ಮಣೆಯ ಮೇಲೆ ಒರೆಯ ಸಮೇತ ಪಿಸ್ತೂಲುಗಳ ಸಾಲು, ಎಲ್ಲಕ್ಕೂ ಕುಂಕುಮ, ಸೇವಂತಿಗೆ. ಅವತ್ತೇ ಆಯಿ ಭಟ್ಕಳದಿಂದ ಬಸ್ಸು ಹತ್ತಿ, ಕಾಸರಕೋಡಿನಲ್ಲಿ ಇಳಿದು, ತಾರಿಯ ದೋಣಿಯಲ್ಲಿ ಶರಾವತಿ ದಾಟಿ ಬಂದಳು. ಜಗಲಿಯ ಕೆಳಗೇ ನಿಂತು, "ಆ ಒರೆ ಒಂದು ಸಲ ಕೈಯಲ್ಲಿ ಕೊಡಿ," ಎಂದಳು.

"ಪೂಜೆಗೆ ಇಟ್ಟಿದ್ದು ನಾಳೆವರೆಗೆ ಮುಟ್ಟೂಕಾಗ," ಎಂದರು ಮಾವ.

ನಾನು ಹೋಗಿ ಪಿಸ್ತೂಲನ್ನು ಎಳೆದು ಮಣೆಯ ಮೇಲೆ ಕುಕ್ಕಿ, ಒರೆಯನ್ನು ಎತ್ತಿಕೊಂಡೆ. ಮಾವ ಕೂಗಾಡಿದರು. ಕೂಗಾಡಲಿ ಎಂದು ತಂದು ಆಯಿಯ ಕೈಯಲ್ಲಿಟ್ಟೆ.

ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಪಟ್ಟಿಯ ಉದ್ದಕ್ಕೂ ಬೆರಳಾಡಿಸಿದಳು. ಮೂಗಿಗೆ ಹಿಡಿದಳು. ಆಮೇಲೆ ನನಗೇ ವಾಪಸು ಕೊಟ್ಟಳು.

"ಇದು ಅವಂದಲ್ಲ, ತಂಗಿ."

"ಅವಂದೇ ಆಯಿ. ನಿನ್ನ ಗಂಟೇ ಹಾಕಿ ಹೊಲ್ದಿದ್ದ. ಮಾವ ಬಿಚ್ಚಿಸಿದ್ರು."

ಆಯಿ ಜಗಲಿಯ ಕಡೆ ನೋಡಿ, ನನ್ನನ್ನು ಸಮಾಧಾನ ಮಾಡುವವಳ ಹಾಗೆ ಮೆಲ್ಲಗೆ ಹೇಳಿದಳು. "ಹಾಂಗೆಲ್ಲ ಹೇಳೂಕಾಗ. ಅಷ್ಟು ದೊಡ್ಡ ಮನುಷ್ಯರು, ಸತ್ತ ಹುಡುಗ ಹಾಕಿದ ಹೊಲಿಗೆ ಎಂತಕ್ಕೆ ಬಿಚ್ಚಿಸ್ತ್ರು?"

ತಾರಿಯವರೆಗೆ ನಾನೂ ಹೋದೆ, ದಾರಿಯುದ್ದಕ್ಕೂ ಹೇಳಿದೆ. ಅವಳು ಕೇಳಿಸಿಕೊಳ್ಳಲಿಲ್ಲ. ಅವಳ ಮುಖ ಅರಳಿತ್ತು. "ಹಾಂಗಾರೆ ಅವ ಇನ್ನೂ ಎಲ್ಲೋ ಜೀವಂತ ಇದ್ದ," ಎಂದು ದೋಣಿ ಹತ್ತಿದಳು. ಸಾಯುವವರೆಗೂ ಅಣ್ಣನ ಕಾರ್ಯ ಮಾಡಲು ಅವಳು ಬಿಡಲಿಲ್ಲ.