ತೊಗರಿ ಮನೆಯ ಪಥ್ಯ

ನಾನು ಮೊದಲಿನಿಂದಲೂ ಅಂಜುಬುರುಕಿ. ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವಳಾದರೂ ಎಂಜಿನ್ನು ಸೀಟಿ ಹಾಕಿದರೆ ಓಡಿಹೋಗಿ ಮಂಚದ ಕೆಳಗೆ ಸೇರುತ್ತಿದ್ದೆ. ಗ್ಯಾಂಗ್‌ಮನ್ ಆಗಿದ್ದ ಅಪ್ಪ, “ಗಾಡಿ ಹಳಿ ಬಿಟ್ಟು ನಿನ್ನ ಹುಡುಕ್ಕೋತ ಬರತದೇನು?” ಎಂದು ನಗುತ್ತಿದ್ದ. ಅವ್ವ ನಾನು ಸಣ್ಣವಳಿದ್ದಾಗಲೇ ತೀರಿದ್ದಳು. ಅಂಜಿದಾಗ ಮುಖ ಮುಚ್ಚಿಕೊಳ್ಳಲು ಒಂದು ಸೆರಗು ಇರಲಿಲ್ಲ, ಅದಕ್ಕೇ ಮಂಚ.

ಚಿಂಚೋಳಿ ತಾಲೂಕಿನ ಚಿಮ್ಮನಚೋಡದ ಆಸುಪಾಸಿನ ಒಂದು ಹಳ್ಳಿಗೆ ನನ್ನನ್ನು ಕೊಟ್ಟರು. ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷ ಕಳೆದಿದ್ದವು, ಆದರೂ ನಮ್ಮೂರ ಹಿರಿಯರ ಬಾಯಲ್ಲಿ ಕಚೇರಿ ಇನ್ನೂ ನಿಜಾಮನ ಕಚೇರಿಯೇ ಆಗಿತ್ತು. ಗಂಡ ಶಹಾಬಾದಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ, ವಾರಕ್ಕೊಮ್ಮೆ ಸಿಮೆಂಟಿನ ಧೂಳು ಹೊತ್ತು ಬರುತ್ತಿದ್ದ. ಮನೆಯಲ್ಲಿ ಅತ್ತೆ ಮತ್ತು ನಾನು. ಅತ್ತೆ ಗಟ್ಟಿ ಹೆಂಗಸು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಹೊಲಕ್ಕೆ ಹೊರಟರೆ ಆಳುಗಳು ಬೀಡಿ ಆರಿಸಿಬಿಡುತ್ತಿದ್ದರು. ಪಡಸಾಲೆಯ ತುಂಬ ತೊಗರಿ ಚೀಲ. ನಮ್ಮ ಮನೆಯ ಬೇಳೆ ಸೇಡಂ ಬಜಾರಿನಲ್ಲಿ ಹೆಸರು ಮಾಡಿತ್ತು.

ನನ್ನ ಮೊದಲ ಕೂಸು ಮೂರು ತಿಂಗಳಿಗೆ ಭೇದಿಯಾಗಿ ಹೋಯಿತು. ಅದರ ಹಿಂದಿನ ದಿನ ನಾನು ಪುಂಡಿಸೊಪ್ಪಿನ ಪಲ್ಯ, ಬೇಳೆ ಹೊಟ್ಟೆ ತುಂಬ ಉಂಡಿದ್ದೆ. ಕೂಸನ್ನು ಮಣ್ಣಿಗೆ ಕೊಟ್ಟು ಬಂದ ಮೇಲೆ ನೆರೆಯ ಮುದುಕಿಯೊಬ್ಬಳು ಹೊಸ್ತಿಲಲ್ಲಿ ಕುಳಿತು, “ತಾಯಿ ಉಂಡದ್ದೇ ಕೂಸಿನ ಹೊಟ್ಟಿಗೆ ಹೋಗ್ತದವ್ವಾ” ಎಂದಳು. ಬೈದದ್ದಲ್ಲ, ಮರುಗಿಯೇ ಅಂದದ್ದು. ಅಂಜಿದವರ ಮೇಲೆ ಕಪ್ಪೆ ಎಸೆದಂತಾಯಿತು.

ಹಾಗಾಗಿ ಎರಡನೆಯದು ಹುಟ್ಟಿದಾಗ, ಅದು ಹೆಣ್ಣು, ನಾನು ಪಥ್ಯ ಹಿಡಿದೆ. ಬಾಣಂತಿಗೆ ಎಲ್ಲ ಮನೆಗಳಲ್ಲೂ ಪಥ್ಯ ಉಂಟು. ಬೇಳೆ ವಾಯು, ಶೇಂಗಾ ಪಿತ್ತ, ಮಜ್ಜಿಗೆ ನೆಗಡಿ, ಸೊಪ್ಪು ಭೇದಿ, ಹಾಲು ಕಫ. ಬಾಣಂತನ ಮುಗಿದ ಮೇಲೆ ಉಳಿದವರು ಒಂದೊಂದಾಗಿ ತಿನ್ನಲು ಸುರುಮಾಡುತ್ತಾರೆ. ನಾನು ಮಾಡಲಿಲ್ಲ. ಜೋಳದ ರೊಟ್ಟಿ, ಉಪ್ಪು, ತುಸು ಬೆಳ್ಳುಳ್ಳಿ, ಬಿಸಿನೀರು. ಮುಂಜಾನೆ ಅದೇ, ರಾತ್ರಿ ಅದೇ. ಅತ್ತೆ ಒಂದೆರಡು ಸಲ, “ಈಟು ಬ್ಯಾಳಿಕಟ್ಟ ಹಾಕ್ಕೊ, ಏನಾಗಂಗಿಲ್ಲ” ಅಂದಳು. ನಾನು ಕೂಸಿನ ಮುಖ ನೋಡಿ ತಲೆಯಾಡಿಸಿದೆ. ಅತ್ತೆಗೂ ಮೊದಲ ಕೂಸಿನ ನೆನಪು, ಬೇಳೆಯ ಪಾತ್ರೆ ಸರಿಸಿಟ್ಟಳು. ಊಟ ಬಲ್ಲವರಿಗೆ ರೋಗವಿಲ್ಲ ಅನ್ನುತ್ತಾರೆ. ನಾನು ಊರಿಗೇ ಊಟ ಬಲ್ಲವಳಾಗಿದ್ದೆ. ಓಣಿಯ ಹೆಂಗಸರು ತಮ್ಮ ಸೊಸೆಯರಿಗೆ ನನ್ನನ್ನು ತೋರಿಸಿ, “ಪಥ್ಯ ಅಂದ್ರ ಹಿಂಗಿರಬೇಕು” ಎನ್ನುತ್ತಿದ್ದರು. ನನಗೆ ಒಳಗೊಳಗೆ ಹೆಮ್ಮೆ. ಕೂಸು ಗುಂಡಗುಂಡಗೆ ಬೆಳೆಯುತ್ತಿತ್ತು.

ತೊಗರಿ ಕೊಯ್ಲಿನ ಬಿಸಿಲಿನಲ್ಲಿ ನನ್ನ ಕೈಗಳ ಹಿಂಭಾಗ ಕೆಂಪಾಯಿತು. ಒಲೆಯ ಝಳ ಬಡಿದಂತೆ ಉರಿ. ಬಿಸಿಲು ಎಂದುಕೊಂಡು ಎಣ್ಣೆ ಸವರಿದೆ. ಕೆಲವೇ ದಿನಗಳಲ್ಲಿ ಕೆಂಪು ಕಪ್ಪಾಗಿ, ಚರ್ಮ ದಪ್ಪಗಾಗಿ, ಸಿಪ್ಪೆ ಏಳತೊಡಗಿತು. ಎರಡೂ ಕೈಗೆ ಬರೋಬರಿ ಒಂದೇ ಅಳತೆ, ಬಳೆಯ ಹತ್ತಿರ ಗೆರೆ ಎಳೆದಂತೆ ನಿಂತಿತ್ತು. ಆಮೇಲೆ ಪಾದದ ಮೇಲೆ. ಆಮೇಲೆ ಒಂದು ದಿನ ನೀರಿನ ಹಂಡೆಯಲ್ಲಿ ಬಗ್ಗಿ ನೋಡಿಕೊಂಡಾಗ ಕೊರಳ ಸುತ್ತ ಕರಿಯ ಪಟ್ಟಿ ಕಂಡಿತು.

ಕೈಯಿಂದ ನೀರು ಕದಡಿಬಿಟ್ಟೆ. ದೊಡ್ಡ ರೋಗ. ಆ ಮಾತನ್ನು ಮನಸ್ಸಿನಲ್ಲಿ ಕೂಡ ಪೂರ್ತಿ ಅನ್ನಲಾರದೆ ಹೋದೆ. ವಾಡಿ ಸ್ಟೇಷನ್ನಿನಲ್ಲಿ ಬೆರಳಿಲ್ಲದ ಕೈಯಲ್ಲಿ ತಗಡಿನ ಡಬ್ಬಿ ಹಿಡಿದು ಕೂಡುತ್ತಿದ್ದವರನ್ನು ನೋಡಿ ಬೆಳೆದವಳು ನಾನು. ಅವರಿಗೂ ಎಲ್ಲೋ ಒಂದು ಮನೆ ಇದ್ದಿರಬೇಕು, ಮನೆಯಲ್ಲಿ ಕೂಸು ಇದ್ದಿರಬೇಕು ಎಂದು ಆವತ್ತೇ ಮೊದಲು ಹೊಳೆಯಿತು. ಸಾಯುವುದಕ್ಕೆ ನಾನು ಅಷ್ಟು ಹೆದರಲಿಲ್ಲ. ಕೂಸನ್ನು ಕಿತ್ತುಕೊಂಡು ನನ್ನನ್ನು ಹೊರಗೆ ಹಾಕುತ್ತಾರೆ ಎಂಬುದಕ್ಕೆ ಹೆದರಿದೆ.

ಆ ರೋಗ ಬಂದಲ್ಲಿ ಚರ್ಮಕ್ಕೆ ಅರಿವಿರುವುದಿಲ್ಲ ಎಂದು ಕೇಳಿದ್ದೆ. ದಿನಾ ಬೆಳಿಗ್ಗೆ ಕೊಟ್ಟಿಗೆಯ ಹಿಂದೆ ಹೋಗಿ ಜಾಲಿಮುಳ್ಳಿನಿಂದ ಕೈ ಚುಚ್ಚಿಕೊಳ್ಳುತ್ತಿದ್ದೆ. ಚುಚ್ಚಿದರೆ ಜೀವ ಹೋಗುವಷ್ಟು ನೋವು. ನೋವಾಯಿತಲ್ಲ ಎಂದು ಸಂತೋಷ. ಮಧ್ಯಾಹ್ನದ ಹೊತ್ತಿಗೆ, ಬೆಳಿಗ್ಗೆ ನೋವಾದದ್ದು ನಿಜವೋ ನನ್ನ ಭ್ರಮೆಯೋ ಎಂದು ಮತ್ತೆ ಮುಳ್ಳು ಹುಡುಕುತ್ತಿದ್ದೆ. ಸೆರಗನ್ನು ಕೊರಳಿಗೆ ಬಿಗಿಯಾಗಿ ಸುತ್ತಿಕೊಂಡೆ, ಕೈಗೆ ಹಿಟ್ಟು ಮೆತ್ತಿಕೊಂಡೇ ಓಡಾಡಿದೆ. ಎಷ್ಟೇ ಮುಚ್ಚಿದರೂ ಅತ್ತೆಯ ಕಣ್ಣು ತಪ್ಪಿಸುವುದಾಗಲಿಲ್ಲ. ರೊಟ್ಟಿ ಬಡಿಯುವಾಗ ನನ್ನ ಕೈ ನೋಡಿದಳು. ಏನೂ ಕೇಳಲಿಲ್ಲ. ಮರುದಿನದಿಂದ ನನ್ನ ತಾಟು ಬೇರೆಯಾಯಿತು, ರೊಟ್ಟಿ ತಾನೇ ಬಡಿಯತೊಡಗಿದಳು. ಬಾಯಿಮಾಡುವ ಅತ್ತೆಯನ್ನು ನಾನು ಸಹಿಸಬಲ್ಲವಳಾಗಿದ್ದೆ, ಸುಮ್ಮನಿರುವ ಅತ್ತೆಯನ್ನು ಕಂಡು ನಡುಗಿಹೋದೆ.

ಅಷ್ಟರಲ್ಲಿ ನಾಲಗೆ ಹುಣ್ಣಾಗಿ ಕೆಂಪು ಮಾಂಸದಂತಾಗಿತ್ತು. ಹೊಟ್ಟೆ ಕೆಟ್ಟಿತ್ತು. ಹೊಟ್ಟೆ ಕೆಟ್ಟಿದೆ ಎಂದು ಪಥ್ಯ ಇನ್ನಷ್ಟು ಬಿಗಿ ಮಾಡಿ, ಬೆಳ್ಳುಳ್ಳಿಯನ್ನೂ ಬಿಟ್ಟೆ. ನಿದ್ದೆ ಹತ್ತಿರ ಸುಳಿಯುತ್ತಿರಲಿಲ್ಲ. ಒಲೆಯ ಮುಂದೆ ಕುಳಿತು ಯಾಕೆ ಕುಳಿತೆ ಎಂದು ಯೋಚಿಸುತ್ತಿದ್ದೆ. ಬಾವಿಗೆ ಹೋಗಿ ಕೊಡ ತುಂಬದೆ ಬಂದೆ. ಇದೆಲ್ಲ ನಿದ್ದೆಗೆಟ್ಟದ್ದಕ್ಕೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಒಂದು ಸಂಜೆ ಹೊಲದಿಂದ ತೊಗರಿಕಟ್ಟಿಗೆಯ ಹೊರೆ ಹೊತ್ತು ಬಂದು ಅಂಗಳದಲ್ಲಿ ಇಳಿಸಿದೆ. ಅತ್ತೆ ದನಕ್ಕೆ ನೀರು ಕುಡಿಸುತ್ತಿದ್ದವಳು ತಿರುಗಿ ನೋಡಿದಳು.

“ಕೂಸೆಲ್ಲಿ?”

“ಯಾವ ಕೂಸ್ರಿ?” ಎಂದೆ ನಾನು.

ನಿಜವಾಗಿ ಹಾಗೆಯೇ ಕೇಳಿದೆ. ಅತ್ತೆಯ ಕೈಯಲ್ಲಿದ್ದ ಬಕೆಟ್ಟು ಬಿತ್ತು. ನನ್ನನ್ನು ದಾಟಿಕೊಂಡು ಹೊಲದ ದಾರಿ ಹಿಡಿದು ಓಡಿದಳು. ಅವಳು ಓಡುವುದನ್ನು ನೋಡುತ್ತ ನಿಂತವಳಿಗೆ, ಬೇವಿನ ಗಿಡಕ್ಕೆ ಕಟ್ಟಿದ ಸೀರೆಯ ಜೋಳಿಗೆ, ಅದರಲ್ಲಿ ಮಲಗಿದ ನನ್ನ ಮಗಳು, ಎಲ್ಲ ಒಮ್ಮೆಲೇ ನೆನಪಾಯಿತು. ನಾನೂ ಓಡಿದೆ. ಕಾಲು ಎತ್ತಿಡಲು ಬಾರದೆ ಎರಡು ಕಡೆ ಬಿದ್ದೆ. ಆ ಹೊಲದಲ್ಲಿ ತೋಳ ತಿರುಗುತ್ತಿದ್ದ ದಿನಗಳವು.

ಕೂಸು ಅತ್ತು ಅತ್ತು ನೀಲಿಯಾಗಿತ್ತು, ಆದರೆ ಏನೂ ಆಗಿರಲಿಲ್ಲ. ಅತ್ತೆ ಅದನ್ನು ಎದೆಗವಚಿಕೊಂಡು ನನ್ನ ಪಕ್ಕದಿಂದಲೇ ಹಾದುಹೋದಳು, ನಾನು ಚಾಚಿದ ಕೈಗೆ ಕೊಡಲಿಲ್ಲ. ಅಂದಿನಿಂದ ಕೂಸು ಅತ್ತೆಯ ಹಾಸಿಗೆಯಲ್ಲೇ ಮಲಗಿತು. ಮೊಲೆ ಕೊಡಲಿಕ್ಕೆ ಮಾತ್ರ ತಂದು ಮಡಿಲಲ್ಲಿ ಹಾಕಿ, ಎದುರಿಗೆ ಕುಳಿತು ಕಾಯುತ್ತಿದ್ದಳು. ನನ್ನ ಮೇಲೆ ನನಗೇ ಭರವಸೆ ಹೋಗಿತ್ತು. ಕೈ ಕೊಳೆತರೆ ಕೊಳೆಯಲಿ, ತಲೆಯೂ ಕೆಟ್ಟರೆ ಈ ಕೂಸಿಗೆ ನಾನು ಏನು ಮಾಡಿಬಿಡುವೆನೋ ಎಂದು ಹೆದರಿದೆ.

ವಾರದ ಕೊನೆಗೆ ಗಂಡ ಬಂದ. ಪಡಸಾಲೆಯಲ್ಲಿ ಅತ್ತೆ ಹೇಳುವುದು ಒಳಗೆ ನನಗೆ ಕೇಳಿಸುತ್ತಿತ್ತು. “ಇಕೀನ ವಾಡಿಗಿ ಬಿಟ್ಟ ಬಾ, ಅವರಪ್ಪನ ಮನ್ಯಾಗ ಇರಲಿ. ಕೂಸು ಇಲ್ಲೇ ಇರ್ತದ. ನಾ ಜೋಪಾನ ಮಾಡ್ತೀನಿ.”

ಗಂಡ ಅಂಗಿಯ ಸಿಮೆಂಟಿನ ಧೂಳು ಕೊಡವಿದ. ಆಮೇಲೆ, “ಮೊದಲ ಸೇಡಂ ದವಾಖಾನಿಗೆ ತೋರಸ್ತೀನವ್ವಾ. ಡಾಕ್ಟರ್ ಅದೇ ರೋಗ ಅಂದ್ರ ಅಲ್ಲಿಂದಲೇ ರೈಲಿಗೆ ಹೋಗ್ತೀವಿ” ಎಂದ.

ಅಷ್ಟೇ. ಬೆಳಿಗ್ಗೆ ನನ್ನ ಎರಡು ಸೀರೆಗಳನ್ನು ಗಂಟು ಕಟ್ಟಿದೆ. ಕೂಸಿಗೆ ಕೊನೆಯ ಸಲ ಎಂಬಂತೆ ಮೊಲೆ ಕುಡಿಸಿದೆ, ಮುತ್ತು ಕೊಡಲು ಹೋಗಿ ರೋಗ ಹತ್ತೀತೆಂದು ಬಾಯಿ ಹಿಂದೆ ತೆಗೆದುಕೊಂಡೆ. ಮೋಟಾರಿನಲ್ಲಿ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದೆ. ದಾರಿಯಲ್ಲೇ ಎದೆಯಲ್ಲಿ ಹಾಲು ಇಳಿದು ಕುಪ್ಪಸ ತೊಯ್ದಿತು. ಮನೆಯಲ್ಲಿ ಈಗ ಅಳುತ್ತಿರಬೇಕು ಎಂದುಕೊಂಡೆ. ಸೇಡಮ್ಮಿನಲ್ಲಿ ಇಳಿದಾಗ ಸ್ಟೇಷನ್ನಿನ ಕಡೆಯಿಂದ ಗಾಡಿಯ ಸೀಟಿ ಕೇಳಿಸಿತು. ಮಂಚ ಇದ್ದಿದ್ದರೆ ಆ ವಯಸ್ಸಿನಲ್ಲೂ ಕೆಳಗೆ ಹೋಗಿಬಿಡುತ್ತಿದ್ದೆ.

ಡಾಕ್ಟರು ಮೈಸೂರು ಕಡೆಯವರು, ಅವರ ಕನ್ನಡ ನಮಗೆ ಮುಕ್ಕಾಲು ಮಾತ್ರ ತಿಳಿಯುತ್ತಿತ್ತು. ನನ್ನ ಕೈ ಹಿಡಿದು ತಿರುಗಿಸಿ ನೋಡಿದರು. ಹಿಡಿದರಲ್ಲ, ಮುಟ್ಟಿದರಲ್ಲ ಎಂದು ನನಗೆ ಅಲ್ಲೇ ಅಳು ಬಂತು. ಹತ್ತಿ ಸವರಿದರು, ಸೂಜಿ ತಾಗಿಸಿದರು. “ಗೊತ್ತಾಗುತ್ತೇನಮ್ಮ?” ಅಂದರು.

“ಭಾಳ ಉರೀತದ್ರಿ.”

ಸೆರಗು ಸರಿಸಿ ಕೊರಳು ನೋಡಿದರು, ನಾಲಗೆ ತೋರಿಸು ಎಂದರು. ಆಮೇಲೆ ಕುರ್ಚಿಗೆ ಒರಗಿ, “ಏನು ಊಟ ಮಾಡ್ತೀಯಾ?” ಎಂದು ಕೇಳಿದರು.

ಆ ಗಳಿಗೆಯಲ್ಲೂ ನನಗೆ ಹೆಮ್ಮೆ ಬಿಟ್ಟಿರಲಿಲ್ಲ ನೋಡಿ! “ಪಥ್ಯ ಮಾಡಾಕತ್ತೀನ್ರಿ, ಕೂಸಿನ ಸಲುವಾಗಿ” ಎಂದು ಶುರುಮಾಡಿ, ಬಿಟ್ಟದ್ದನ್ನೆಲ್ಲ ಹೇಳಿದೆ. ಹೇಳುತ್ತ ಹೋದಂತೆ ಡಾಕ್ಟರ ಹುಬ್ಬು ಮೇಲೇರಿತು. ಗಂಡನ ಕಡೆ ತಿರುಗಿ, “ನಿಮ್ಮ ಹೊಲದಲ್ಲಿ ಏನು ಬೆಳೀತೀರಿ?” ಎಂದರು.

“ತೊಗರಿ ರೀ.”

“ಮನೆ ತುಂಬ ಬೇಳೆ ಇಟ್ಕೊಂಡು ಈ ಕಾಯಿಲೆ ತಂದ್ಕೊಂಡಿದ್ದೀರಲ್ಲಾ” ಎಂದು ಮೇಜಿಗೆ ಕೈ ಬಡಿದರು.

ಅವರು ಹೇಳಿದ ಇಂಗ್ಲಿಷ್ ಹೆಸರು ನನ್ನ ನಾಲಗೆಗೆ ಇಂದಿಗೂ ಹೊರಳುವುದಿಲ್ಲ. ಬರೀ ಜೋಳ ತಿಂದು, ಅದರ ಜೊತೆ ಬೇಳೆ, ಹಾಲು, ಶೇಂಗಾ, ಸೊಪ್ಪು ಏನೂ ಇಲ್ಲದವರಿಗೆ ಬರುವ ರೋಗವಂತೆ. ಮೊದಲು ಬಿಸಿಲು ಬಿದ್ದ ಚರ್ಮ, ಆಮೇಲೆ ಹೊಟ್ಟೆ, ಆಮೇಲೆ ತಲೆ. ಅಂಟುವುದಿಲ್ಲ. ಬಿಟ್ಟರೆ ಸಾಯುತ್ತಾರೆ, ತಿಂದರೆ ಬದುಕುತ್ತಾರೆ. ಮೊದಲ ಕೂಸು ಬೇಳೆಯಿಂದ ಹೋದದ್ದಲ್ಲ, ಕೆಟ್ಟ ನೀರು, ಕೊಳಕು ಕೈ, ನೊಣ, ಇಂಥವುಗಳಿಂದ ಹೋಗಿರಬೇಕು ಎಂದರು. ಗುಳಿಗೆ ಕೊಟ್ಟು, “ಗುಳಿಗೆ ಮುಗಿದ ಮೇಲೂ ಬೇಳೆ, ಹಾಲು, ಸೊಪ್ಪು ತಿಂತಾನೇ ಇರಬೇಕು. ಪಥ್ಯ ಬಿಡೋದೇ ನಿನಗೆ ಪಥ್ಯ” ಎಂದು ಎದ್ದುಬಿಟ್ಟರು.

ಬಸ್‌ಸ್ಟ್ಯಾಂಡಿನಲ್ಲಿ ಗಂಡ ಹುರಿದ ಶೇಂಗಾ ತಂದು, ನನ್ನ ಹುಣ್ಣಾದ ನಾಲಗೆ ತಡೆದುಕೊಳ್ಳಲೆಂದು ಅಂಗೈಯಲ್ಲಿ ತಿಕ್ಕಿ ಪುಡಿ ಮಾಡಿ ಕೊಟ್ಟ. ನಾನು ಬಾಯಿಗೆ ಹಾಕಿಕೊಂಡು ನುಂಗಲಾರೆ, ಉಗುಳಲಾರೆ. ಇದು ಹಾಲಾಗಿ ಕೂಸಿನ ಹೊಟ್ಟೆಗೆ ಇಳಿದು ಏನಾದರೂ ಆದರೆ? ಡಾಕ್ಟರು ಒಂದು ಸಲ ಹೇಳಿದ್ದು, ಓಣಿಯ ಹೆಂಗಸರು ನೂರು ಸಲ ಹೇಳಿದ್ದು. ನೂರರ ಭಾರವೇ ಹೆಚ್ಚಾಗಿತ್ತು. ಗಂಡ ಸಿಡುಕಿ, “ತಿನ್ನದಿದ್ರ ಆ ಕಡೀ ರೈಲ ಅದ ನೋಡು” ಎಂದ. ಕಣ್ಣು ಮುಚ್ಚಿ ನುಂಗಿದೆ.

ಮನೆಗೆ ಬಂದಾಗ ಅತ್ತೆ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದಳು. ನಾನು ಗಂಟು ಹಿಡಿದು ಅಂಗಳದಲ್ಲೇ ನಿಂತೆ. ಗಂಡ ಎಲ್ಲ ಹೇಳಿದ. ಅತ್ತೆ ನಂಬಲಿಲ್ಲ. ಅವನನ್ನು ಬಿಟ್ಟು ನನ್ನನ್ನೇ ಕೇಳಿದಳು.

“ಕೊಳ್ಳಿನ ಸುತ್ತಲೂ ಬರತದಂತೇನು?”

“ಹೌದಂತ್ರಿ.”

“ನಾಲಿಗಿ ಕೆಂಪಗ ಆಗತದ?”

ನಾಲಗೆಯ ಸುದ್ದಿಯನ್ನು ನಾನು ಅವಳಿಗೆ ಹೇಳಿಯೇ ಇರಲಿಲ್ಲ. ಬಾಯಿ ತೆರೆದು ತೋರಿಸಿದೆ.

“ಮರವು? ಮಕ್ಕಳ ಹೆಸರೂ ನೆನಪ ಇರಂಗಿಲ್ಲ?”

ಉತ್ತರಕ್ಕೆ ಕಾಯದೆ ಅತ್ತೆ ಹೊಸ್ತಿಲ ಮೇಲೆ ಕುಳಿತುಬಿಟ್ಟಳು. ಆಮೇಲೆ ಹೇಳಿದ್ದು ಅವಳ ಮಗನೂ ಅದುವರೆಗೆ ಕೇಳಿರದ ಮಾತು. ಅವಳು ಲಂಗ ತೊಡುವ ವಯಸ್ಸಿನಲ್ಲಿ ಅವಳ ತಾಯಿ ಸಣ್ಣ ತಮ್ಮನನ್ನು ಹೆತ್ತ ಮೇಲೆ ಹೀಗೇ ಕೈ, ಹೀಗೇ ಕೊರಳು. ಹೊಲದ ಗುಡಿಸಲಿನಲ್ಲಿ ಇಟ್ಟರು.

“ದಿನಾ ನಾನೇ ಎರಡ ರೊಟ್ಟಿ ಒಯ್ದು ಕಲ್ಲಿನ ಮ್ಯಾಲ ಇಟ್ಟು, ತಿರುಗಿ ನೋಡದ ಓಡಿ ಬರ್ತಿದ್ದೆ. ಅಂಜಿಕಿ. ನಮ್ಮವ್ವ ಒಳಗಿಂದ ಕೂಗ್ತಿದ್ಲು, ಈಟು ಬ್ಯಾಳಿ ತಾ ಮಗಾ, ಬ್ಯಾಳಿ ತಾ ಅಂತ. ಮನ್ಯಾಗ ಹೇಳಿದ್ರ, ದೊಡ್ಡ ರೋಗಕ್ಕ ಬ್ಯಾಳಿ ನಡೀಯಂಗಿಲ್ಲ, ಪಥ್ಯ ಅಂದ್ರು. ಕಡೀಕ ನನ್ನ ಹೆಸರೂ ಮರತ್ಲು, ಬ್ಯಾಳಿ ಅನ್ನೂದೊಂದು ಮರೀಲಿಲ್ಲ.” ಅತ್ತೆ ತಲೆ ಎತ್ತಿದಳು. “ಕೊಟ್ಟಿದ್ರ ಉಳೀತಿದ್ಲೇನು?”

ಡಾಕ್ಟರು ಹೇಳಿದ್ದು ನನಗೆ ಚೆನ್ನಾಗಿ ನೆನಪಿತ್ತು. “ನನಗ ಗೊತ್ತಿಲ್ರಿ ಅತ್ತಿ” ಎಂದೆ.

“ನಿನಗ ಗೊತ್ತದ” ಎಂದಳು ಅತ್ತೆ.

ಎದ್ದು ಬಂದು ಕೂಸನ್ನು ನನ್ನ ಕೈಗೆ ಕೊಟ್ಟಳು. ಒಳಗೆ ಕರೆದು ಕೂಡಿಸಿ, ತನ್ನ ತಾಟಿನಲ್ಲೇ ರೊಟ್ಟಿ ಮುರಿದು, ಮೇಲೆ ಗಟ್ಟಿ ಬೇಳೆ ಸುರಿದಳು. ಮಗಳು ಮೊಲೆಗೆ ಬಾಯಿ ಹಾಕಿದ್ದಳು. ಈ ತುತ್ತಿನಿಂದ ಇವಳಿಗೆ ಏನಾದೀತೋ ಎಂದು ತುತ್ತನ್ನು ಕೈಯಲ್ಲೇ ಹಿಡಿದು ಕುಳಿತೆ. “ಉಣ್ಣು. ನಾ ಎಲ್ಲೂ ಹೋಗಂಗಿಲ್ಲ, ಇಲ್ಲೇ ಕುಂದರ್ತೀನಿ” ಎಂದಳು ಅತ್ತೆ. ಉಂಡೆ. ಬೇಳೆ ಹುಣ್ಣಿಗೆ ತಾಗಿ ಕಣ್ಣಲ್ಲಿ ನೀರು ಬಂತು. ಅತ್ತೆ ನನ್ನ ಬಾಯನ್ನೇ ನೋಡುತ್ತ, “ಇನ್ನೀಟು ಹಾಕ್ಲೇನು?” ಎಂದಳು. ತಾಟು ಖಾಲಿಯಾದಂತೆಲ್ಲ ಮತ್ತೆ ಮತ್ತೆ ಕೇಳಿದಳು. ನನ್ನ ಹೊಟ್ಟೆ ತುಂಬಿತ್ತು, ಆದರೂ ಬೇಡ ಎನ್ನಲಿಲ್ಲ.